ಇಪ್ಪತ್ತೆಂಟನೆಯ ಗಾಡಿ

ಸತ್ತವನ ಊರಿನಲ್ಲೇ ಇದ್ದುಕೊಂಡು ಅವನ ಸಾವಿನ ಕಾರಣವನ್ನು ವಾರವಾರ ಕಥೆಯಾಗಿ ಹೇಳುವುದು ಸರಿಯೇ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ. ನನಗಿಂತ ಚೆನ್ನಾಗಿ ಹೇಳುವವರು ಈ ಹಾರ್ಯುಲಾ ಊರಿನಲ್ಲೇ ಇದ್ದಾರು. ಓದುಗರು ಕ್ಷಮಿಸಬೇಕು. ಆದರೆ ಆ ಗುರುವಾರ ಮಧ್ಯಾಹ್ನ ಓಟದ ಅಂಗಳದಲ್ಲಿ ಔಲಿಸ್ ಮೊಣಕಾಲೂರಿ ಕೂತಿದ್ದ ಜಾಗದವರೆಗೆ ಬಂದಾಗಿದೆ. ಇನ್ನು ಹಿಂದಕ್ಕೆ ಹೋಗುವುದು ನನಗೂ ಆಗುತ್ತಿಲ್ಲ.

ಟಾರು ಒಣಗಿತ್ತು. ಅದೊಂದು ಕಲೆ ಮಾತ್ರ ಒಣಗಿರಲಿಲ್ಲ.

ಶನಿವಾರದ ಬೈಕ್ ಓಟದಲ್ಲಿ, ಇದೇ ಎಡತಿರುವಿನಲ್ಲಿ, ಇಲ್ಪೊ ನಿಸ್ಸಿಲಾ ಎಂಬ ಮೂವತ್ತನಾಲ್ಕರ ಸವಾರ ಜಾರಿ ತಡೆಗೋಡೆಗೆ ಬಡಿದು ಸತ್ತಿದ್ದ. ಅಂದಿನಿಂದ ಐದು ದಿನ, ಒಂದು ಹನಿ ಮಳೆ ಇಲ್ಲ.

ಅದು ಬರ್ಚ್ ಮರಗಳು ಹೂಪುಡಿ ಉದುರಿಸುವ ವಾರ. ಕಾರುಗಳ ಮೇಲೆ, ಕಿಟಕಿಗಳ ಮೇಲೆ, ಕಾಫಿ ಲೋಟದೊಳಗೆ, ಎಲ್ಲೆಲ್ಲೂ ಹಳದಿ. ಒಣ ಟಾರಿನ ಮೇಲೆ ಬಿದ್ದ ಪುಡಿಯನ್ನು ಗಾಳಿ ಗುಡಿಸಿಕೊಂಡು ಹೋಗಿತ್ತು. ಒದ್ದೆಯ ಮೇಲೆ ಬಿದ್ದದ್ದು ಅಲ್ಲೇ ಅಂಟಿ ಕೂತಿತ್ತು. ಹಾಗಾಗಿ ಐದು ದಿನ ಯಾರ ಕಣ್ಣಿಗೂ ಬೀಳದ ಒದ್ದೆ ಕಲೆ ಇವತ್ತು ಹಳದಿ ಬಣ್ಣ ಬಳಿದ ಹಾಗೆ ಎದ್ದು ಕಾಣುತ್ತಿತ್ತು.

ಔಲಿಸ್ ಬೆರಳೊತ್ತಿ, ಹೆಬ್ಬೆರಳಿಗೆ ಉಜ್ಜಿದ. ನೀರಲ್ಲ. ಎಣ್ಣೆಯೂ ಅಲ್ಲ. ಲೋಳೆ. ಮೂಗಿನ ಹತ್ತಿರ ತಂದ. ಸಿಹಿ ವಾಸನೆ.

ಗ್ಲೈಕಾಲ್. ಚಳಿಗೆ ಎಂಜಿನ್ನು ಹೆಪ್ಪುಗಟ್ಟಿ ಒಡೆಯದಿರಲೆಂದು ರೇಡಿಯೇಟರಿಗೆ ಸುರಿಯುವ ದ್ರವ. ಓಟದ ಅಂಗಳದಲ್ಲಿ ಅದಕ್ಕೆ ಕಟ್ಟುನಿಟ್ಟಿನ ನಿಷೇಧ. ಬರೀ ನೀರಿರಬೇಕು. ನೀರು ಚೆಲ್ಲಿದರೆ ಎರಡು ಸುತ್ತಿನೊಳಗೆ ಒಣಗುತ್ತದೆ. ಇದು ಒಣಗುವುದಿಲ್ಲ, ಸಾಬೂನಿನ ಹಾಗೆ ಕಾದು ಕೂತಿರುತ್ತದೆ.

ತಿರುವಿನ ಅಂಚುಕಲ್ಲಿನ ಬಿಳಿ ಪಟ್ಟೆಯ ಮೇಲೂ ಒಂದು ಹನಿ ಬಿದ್ದಿತ್ತು. ಅದರ ಸುತ್ತ ತೆಳು ಗುಲಾಬಿ ಕಲೆ. ಪಕ್ಕದ ಕೆಂಪು ಪಟ್ಟೆಯ ಬಣ್ಣ ಕರಗಿರಬೇಕು ಎಂದುಕೊಂಡು ಔಲಿಸ್ ಮುಂದೆ ನೋಡಿದ.

"ಏನಯ್ಯಾ, ಅಣಬೆ ಹುಡುಕ್ತಿದೀಯಾ? ಅದಕ್ಕಿನ್ನೂ ಮೂರು ತಿಂಗಳಿದೆ!"

ಕ್ಲಬ್ಬಿನ ಅಧ್ಯಕ್ಷ ಟೌನೊ. ಕೈಯಲ್ಲಿ ಬೀಗದ ಗೊಂಚಲು, ಮುಖದಲ್ಲಿ ಈ ವಿಷಯ ಒಮ್ಮೆ ಮುಗಿದರೆ ಸಾಕೆಂಬ ಅವಸರ.

"ಟೌನೊ, ಇಲ್ಲಿ ಗ್ಲೈಕಾಲ್ ಬಿದ್ದಿದೆ."

"ಏನಾದ್ರೂ ಬಿದ್ದಿರುತ್ತೆ ಮಾರಾಯ. ಜಾಗ ಜಾರುತ್ತೆ ಅಂತ ಬಾವುಟ ಎತ್ತೋಕೆ ತಾನೇ ಅಲ್ಲಿ ಆರ್ವೊನ ನಿಲ್ಲಿಸಿದ್ದು? ಎತ್ತಲಿಲ್ಲ. ಐದು ಜನ ಹೇಳ್ತಿದಾರೆ, ಕೈಯಲ್ಲಿ ಬಾವುಟ ಇತ್ತು, ಎತ್ತಲಿಲ್ಲ ಅಂತ."

"ಆರ್ವೊ ಏನಂತಾನೆ?"

"ಏನೂ ಅನ್ನಲ್ಲ. ಬಾಯಿಗೆ ಹೊಲಿಗೆ ಹಾಕ್ಕೊಂಡಿದಾನೆ. ನಾಳೆ ಹತ್ತು ಗಂಟೆಗೆ ಠಾಣೆಗೆ ಬಂದು, ನನ್ನದೇ ತಪ್ಪು ಅಂತ ಸಹಿ ಹಾಕ್ತೀನಿ ಅಂದಿದಾನಂತೆ. ಅಲ್ಲಿಗೆ ಮುಗೀತು ಬಿಡು."

ಮುಗಿಯುವುದಿಲ್ಲ ಎಂದು ಔಲಿಸ್‌ಗೆ ಗೊತ್ತಿತ್ತು. ಕಾಗದದ ಕಾರ್ಖಾನೆಯಿಂದ ನಿವೃತ್ತನಾದ ಆರ್ವೊ ಮೂವತ್ತೊಂದು ವರ್ಷದಿಂದ ಇದೇ ತಿರುವಿನಲ್ಲಿ, ಸಂಬಳವಿಲ್ಲದೆ, ಬಾವುಟ ಹಿಡಿದು ನಿಂತವನು. ಔಲಿಸ್‌ಗೆ ಹುಡುಗುತನದ ಗೆಳೆಯ. ನಾಳೆ ಆ ಸಹಿ ಬಿದ್ದರೆ, ಅಂಗಡಿಯಲ್ಲಿ ಅವನು ಬ್ರೆಡ್ಡು ಕೊಳ್ಳಲು ಸಾಲಿನಲ್ಲಿ ನಿಂತಾಗಲೆಲ್ಲ ಹಿಂದಿನವರು ಪಿಸುಗುಡುತ್ತಾರೆ: ಇಲ್ಪೊನ ಕೊಂದವನು ಇವನೇ. ಹಾಗಾಗದಿರಲಿ ಎಂದೇ ಆರ್ವೊನ ಹೆಂಡತಿ ಸಿರ್ಕಾ ಸೋಮವಾರ ಫೋನಿನಲ್ಲಿ ಅತ್ತಿದ್ದಳು. "ನಿನಗೆ ಗಾಡಿಗಳ ಒಳಗುಟ್ಟು ಗೊತ್ತು ಔಲಿಸ್. ಏನಾದ್ರೂ ಸಿಗುತ್ತಾ ನೋಡು" ಎಂದಿದ್ದಳು.

ಸಿಕ್ಕಿತ್ತು. ಈ ಕಲೆ ಯಾವುದೋ ಗಾಡಿಯ ಹೊಟ್ಟೆಯಿಂದ ಬಿದ್ದದ್ದು. ಆ ಗಾಡಿಯ ಮೇಲೆ ಸರಿಯಾಗಿದೆ ಎಂಬ ಚೀಟಿ ಅಂಟಿಸಿದವನು ಔಲಿಸ್.

ಹತ್ತೊಂಬತ್ತು ವರ್ಷದಿಂದ ತಪಾಸಣೆ ಅವನದೇ. ಪ್ರತಿ ಓಟದ ಬೆಳಿಗ್ಗೆ ಪ್ರತಿ ಗಾಡಿಯ ರೇಡಿಯೇಟರಿನ ಮುಚ್ಚಳ ತೆಗೆಸಿ, ಬೆರಳದ್ದಿ, ಉಜ್ಜಿ ನೋಡುತ್ತಿದ್ದ. ಹುಡುಗರು ಅವನಿಗೆ ಸಾರು ರುಚಿ ನೋಡೋ ಅಜ್ಜ ಎಂದು ಹೆಸರಿಟ್ಟಿದ್ದರು. ಶನಿವಾರವೂ ಇಪ್ಪತ್ತೇಳು ರೇಡಿಯೇಟರುಗಳಲ್ಲಿ ಬೆರಳದ್ದಿದ್ದ. ಒಂದರಲ್ಲೂ ಲೋಳೆ ಸಿಕ್ಕಿರಲಿಲ್ಲ.

ಆ ಬೆಳಿಗ್ಗೆಯ ಇನ್ನೊಂದು ಚಿತ್ರವೂ ವಾರವಿಡೀ ಅವನನ್ನು ಚುಚ್ಚುತ್ತಿತ್ತು. ತಪಾಸಣೆಗೆ ಬಂದ ಗಾಡಿಗಳ ಸಾಲು ಗೇಟಿನವರೆಗೆ ಬೆಳೆದಿತ್ತು. ಆರ್ವೊ ಎರಡು ಕಾಗದದ ಲೋಟದಲ್ಲಿ ಕಾಫಿ ಹಿಡಿದು ಬಂದು ಪಕ್ಕದಲ್ಲಿ ನಿಂತ. "ಔಲಿಸ್, ನಿನಗೊಂದು..." ಎಂದ. "ಆಮೇಲೆ ಆರ್ವೊ, ಸಾಲು ನೋಡು" ಎಂದ ಔಲಿಸ್, ತಲೆಯೆತ್ತದೆ. ಆರ್ವೊ ಒಂದು ಲೋಟ ಮೇಜಿನ ಮೇಲಿಟ್ಟು, ಬಾವುಟಗಳನ್ನು ಕಂಕುಳಲ್ಲಿರಿಸಿಕೊಂಡು ತನ್ನ ತಿರುವಿಗೆ ನಡೆದ. ಕಾಫಿ ಆರಿಹೋಯಿತು. ಅದಾದ ಮೇಲೆ ಇಬ್ಬರೂ ಮಾತಾಡಿಲ್ಲ.

"ನಾನು ಬೀಗ ಹಾಕ್ಬೇಕು" ಎಂದ ಟೌನೊ.

"ಹತ್ತು ನಿಮಿಷ."

ಔಲಿಸ್ ಬಗ್ಗಿಕೊಂಡೇ ಮುಂದೆ ನಡೆದ. ತಿರುವಿನ ಆಚೆ ಇನ್ನೊಂದು ಹಳದಿ ಚುಕ್ಕೆ. ಅದರಾಚೆ ಇನ್ನೊಂದು. ಅಂದರೆ ಸೋರುತ್ತಿದ್ದ ಗಾಡಿ ಬಿದ್ದಿರಲಿಲ್ಲ, ಮುಂದೆ ಹೋಗಿತ್ತು. ಅಂದರೆ ಅದು ಇಲ್ಪೊನ ಗಾಡಿಯಲ್ಲ. ಓಟದ ದಾರಿಯ ನಡುವಿನ ಮಣ್ಣಿನ ದಿಬ್ಬಗಳ ಭಾಗದಲ್ಲಿ ಚುಕ್ಕೆಗಳು ಮಾಯವಾದವು. ಟಾರು ಮತ್ತೆ ಶುರುವಾದಲ್ಲಿ ಮತ್ತೆ ಸಿಕ್ಕವು. ಅಪಘಾತದ ಕೂಡಲೇ ಓಟ ನಿಂತಿದ್ದರಿಂದ ಅವುಗಳ ಮೇಲೆ ಬೇರೆ ಗಾಲಿ ಉರುಳಿರಲಿಲ್ಲ. ಚುಕ್ಕೆಗಳು ಒಳದಾರಿಗೆ ತಿರುಗಿದವು. ಗಾಡಿ ನಿಲ್ಲಿಸುವ ಸಾಲಿನ ಎದುರು ಹಾದು, ಕೊನೆಯ ಜಾಗದಲ್ಲಿ ನಿಂತವು. ಅಲ್ಲಿ ತಟ್ಟೆಯಗಲದ ಹಳದಿ.

ನೆಲದ ಮೇಲೆ ಬಿಳಿ ಸುಣ್ಣದಲ್ಲಿ ಬರೆದಿತ್ತು: 28.

"ಯಾರ ಜಾಗ ಅದು?" ಟೌನೊ ಫೋನು ನೋಡುತ್ತಲೇ ಕೇಳಿದ.

ಔಲಿಸ್ ನೆಟ್ಟಗೆ ನಿಂತ. "ಪಟ್ಟಿ ನೋಡಿ ಹೇಳ್ತೀನಿ" ಎಂದ.

ಪಟ್ಟಿ ನೋಡಬೇಕಿರಲಿಲ್ಲ. ಇಪ್ಪತ್ತೆಂಟನೆಯ ಗಾಡಿ ಅವನದೇ. ಅಂದು ಅದನ್ನು ಓಡಿಸಿದ್ದು ಅವನ ಮಗಳು ಸೈಯಾ.

*

ಗಾಡಿ ಮನೆಯ ಹಿಂದಿನ ಗ್ಯಾರೇಜಿನಲ್ಲಿ, ಸ್ಟ್ಯಾಂಡಿನ ಮೇಲೆ, ಎರಡೂ ಗಾಲಿ ಗಾಳಿಯಲ್ಲಿ ತೂಗುತ್ತ ನಿಂತಿತ್ತು. ಕಾಡುದಾರಿಯ ಎತ್ತರದ ಬೈಕಿಗೆ ಸಣ್ಣ ಗಾಲಿ, ಬೋಳು ಟೈರು, ಊಟದ ತಟ್ಟೆಯಷ್ಟು ದೊಡ್ಡ ಬ್ರೇಕಿನ ಬಿಲ್ಲೆ. ಸೂಪರ್‌ಮೋಟೊ. ಐವತ್ತು ತುಂಬಿದ ವರ್ಷ, ಎಲ್ಲರೂ ದೋಣಿ ಕೊಳ್ಳುವ ಹೊತ್ತಿನಲ್ಲಿ, ಔಲಿಸ್ ಇದನ್ನು ಕೊಂಡು ತಂದಿದ್ದ. ಹೆಂಡತಿ ಆ ವರ್ಷವೇ ಬಿಟ್ಟು ಹೋದಳು. ಕಾರಣ ಬೈಕಲ್ಲ ಎಂದು ಇಬ್ಬರೂ ಹೇಳುತ್ತಾರೆ.

ಇದು ಮುದ್ದು ಮಾಡಿಸಿಕೊಳ್ಳುವ ಗಾಡಿ. ಹದಿನೈದು ಗಂಟೆ ಓಡಿದರೆ ಎಣ್ಣೆ ಬದಲಿಸಬೇಕು, ಕಿಲೋಮೀಟರಲ್ಲ, ಗಂಟೆ. ಪ್ರತಿ ಓಟದ ನಂತರ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ, ನಾದ ಕೇಳಿ, ಸಡಿಲವಾದದ್ದನ್ನು ಬಿಗಿಯಬೇಕು. ಎಣ್ಣೆ, ನೀರು ಬಸಿಯುವ ಬೋಲ್ಟುಗಳು ಬಿಚ್ಚಿಕೊಳ್ಳದಂತೆ ತಂತಿ ಹೆಣೆದು ಕಟ್ಟಬೇಕು. ಇದನ್ನೆಲ್ಲ ಔಲಿಸ್ ದೇವರ ಕೋಣೆಯ ಕೆಲಸದಂತೆ ಮಾಡುತ್ತಿದ್ದ. ಅದಕ್ಕೇ ಶನಿವಾರ ಇಪ್ಪತ್ತೇಳು ಗಾಡಿ ನೋಡಿ, ಇಪ್ಪತ್ತೆಂಟನೆಯದಕ್ಕೆ ಮುಚ್ಚಳ ತೆರೆಯದೆ ಚೀಟಿ ಅಂಟಿಸಿದ್ದ. ಮೇ ಒಂದರಂದು ತನ್ನ ಕೈಯಾರೆ ಗ್ಲೈಕಾಲ್ ಬಸಿದು ನೀರು ತುಂಬಿದವನಿಗೆ ತನ್ನದೇ ಗಾಡಿಯಲ್ಲಿ ಬೆರಳದ್ದುವುದು ನಾಟಕ ಎನಿಸಿತ್ತು.

ಈಗ ಮುಚ್ಚಳ ತಿರುಗಿಸಿದ. ಬೆರಳದ್ದಿದ. ಉಜ್ಜಿದ.

ನೀರು. ಅಪ್ಪಟ ನೀರು.

ಒಂದು ಉಸಿರಿನಷ್ಟು ಹೊತ್ತು ಎದೆ ಹಗುರವಾಯಿತು. ಆಮೇಲೆ ನೀರಿನ ಮಟ್ಟ ಕಣ್ಣಿಗೆ ಬಿತ್ತು. ಅಂಚಿನವರೆಗೆ ತುಂಬಿತ್ತು. ಬಿಸಿಗೆ ಉಬ್ಬಲೆಂದು ಅವನು ಯಾವಾಗಲೂ ಒಂದು ಬೆರಳಗಲ ಜಾಗ ಬಿಡುತ್ತಿದ್ದ. ಬಗ್ಗಿ ಕೆಳಗಿನ ಬೋಲ್ಟು ನೋಡಿದ. ಅವನು ಹೆಣೆದ ತಂತಿ ಸಣ್ಣ ಜಡೆಯಂತೆ ಬಿಗಿಯಾಗಿರುತ್ತಿತ್ತು, ತುದಿ ಒಳಕ್ಕೆ ಮಡಿಸಿರುತ್ತಿತ್ತು. ಇದು ಸಡಿಲವಾಗಿತ್ತು, ತುದಿ ಮುಳ್ಳಿನಂತೆ ಹೊರಗೆ ಚಾಚಿತ್ತು.

"ಅಪ್ಪ. ಅದನ್ನ ಬಿಡು."

ಬಾಗಿಲಲ್ಲಿ ಸೈಯಾ. ಬೇಕರಿಯ ಬಿಳಿ ಕೋಟು ಇನ್ನೂ ಮೈಮೇಲಿತ್ತು, ತೋಳಿನ ತುಂಬ ಹಿಟ್ಟು.

"ಈ ತಂತಿ ನೀನು ಕಟ್ಟಿದ್ದಾ?"

ಅವಳು ತೋಳಿನ ಹಿಟ್ಟು ಒರೆಸಿಕೊಂಡಳು.

"ಚೆನ್ನಾಗಿ ಕಟ್ಟಿಲ್ಲ" ಎಂದ ಔಲಿಸ್.

"ನಿನಗೆ ಈಗ್ಲೂ ತಂತಿದೇ ಚಿಂತೆನಾ?" ಅವಳು ಒಳಗೆ ಬಂದಳು. "ಶನಿವಾರ ಸಂಜೆ ಬೂಟು ಬಿಚ್ಚಿದೆ. ಎಡಗಾಲಿನದು ಒದ್ದೆ. ಸಿಹಿ ವಾಸನೆ. ಸೀಟಿನ ಕೆಳಗೆ ಉಕ್ಕಿದ್ದು ಹಿಡಿಯೋ ಶೀಷೆ ಇದೆಯಲ್ಲ, ಅದು ತುಂಬಿ ಚೆಲ್ಲಿತ್ತು. ಆವಾಗ ಗೊತ್ತಾಯ್ತು."

"ನನಗ್ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಅಪ್ಪ, ನೀನು ನೀರು ಬದಲಿಸೋದು ಮರೆತೆ, ನಿನ್ನ ಮರೆವಿಗೆ ಇಲ್ಪೊ ಸತ್ತ, ಅಂತ ಹೇಳ್ಲಾ? ನಿನಗೆ?"

"ನಾನು ಮರೆತಿಲ್ಲ."

"ಕನ್ನಡಕ ಫ್ರಿಜ್ಜಲ್ಲಿಟ್ಟು ಎರಡು ದಿನ ಹುಡುಕಿದೋನು ನೀನು!"

"ಕನ್ನಡಕ ಬೇರೆ. ಇದು ಬೇರೆ."

ಅವಳು ಗೋಡೆಗೊರಗಿ ಕುಸಿದು ಕೂತಳು. ಹೊರಗೆ ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಬಾಗಿಲಿನಿಂದ ಹಳದಿ ಪುಡಿ ಒಳಗೂ ತೇಲಿ ಬರುತ್ತಿತ್ತು.

"ಆ ತಿರುವಲ್ಲಿ ಹಿಂದಿನ ಚಕ್ರ ಒಂದ್ಸಲ ಪೂರ್ತಿ ಆಚೆ ಹೋಯ್ತು" ಎಂದಳು, ಮೆಲ್ಲಗೆ. "ನಾನು ಕಾಲು ಚಾಚಿ ಹಿಡ್ಕೊಂಡೆ. ಏನಂದ್ಕೊಂಡೆ ಗೊತ್ತಾ ಅಪ್ಪ? ಎಷ್ಟು ಚೆನ್ನಾಗಿ ಜಾರಿಸಿದೆ ಅಂದ್ಕೊಂಡೆ. ನೀನು ನೋಡಿರ್ತೀಯಾ ಅಂದ್ಕೊಂಡೆ."

ಔಲಿಸ್‌ಗೆ ಅವಳ ಮುಖ ನೋಡಲಾಗಲಿಲ್ಲ. ಈ ಗಾಡಿಯ ಸವಾರಿಯೇ ಅಂಥದ್ದು. ಬ್ರೇಕು ಒತ್ತಿ, ಹಿಂಬದಿಯನ್ನು ಬೇಕೆಂದೇ ಜಾರಿಸಿ, ಒಂದು ಬೂಟು ನೆಲಕ್ಕೆ ತಾಗಿಸುತ್ತ ತಿರುವಿಗೆ ನುಗ್ಗುವುದು. ಬೇರೆ ಬೈಕಿನವರಿಗೆ ಎಚ್ಚರಿಕೆಯಾಗುವ ಜಾರುವಿಕೆ ಇವರಿಗೆ ಹೆಮ್ಮೆ. ಅವಳಿಗೆ ಅದನ್ನು ಕಲಿಸಿದವನೂ ಅವನೇ.

ಅವಳ ಹಿಂದೆಯೇ ಇಲ್ಪೊ ಆ ತಿರುವಿಗೆ ಬಂದಿದ್ದ. ಅವನೂ ಹಾಗೇ ಜಾರಿಸಿರಬೇಕು.

"ಬಸಿದದ್ದು ಎಲ್ಲಿಟ್ಟೆ?" ಎಂದು ಕೇಳಿದ.

"ಯಾಕೆ?"

"ಎಲ್ಲಿಟ್ಟೆ, ಸೈಯಾ?"

ಅವಳು ಎದ್ದು, ಮೂಲೆಯಲ್ಲಿ ಪೇರಿಸಿದ್ದ ಚಳಿಗಾಲದ ಟೈರುಗಳ ಹಿಂದೆ ಕೈ ಹಾಕಿ, ಗಾಜು ತೊಳೆಯುವ ನೀರಿನ ಹಳೇ ಕ್ಯಾನೊಂದನ್ನು ಎಳೆದಳು. ಔಲಿಸ್ ಅಟ್ಟಣಿಗೆಯ ಮೇಲಿಂದ ಇನ್ನೊಂದು ಡಬ್ಬಿ ಇಳಿಸಿದ. ಅದರ ಮೇಲೆ ಕಾಗದದ ಪಟ್ಟಿ, ಅವನದೇ ಅಕ್ಷರ: ಮೇ 1. ಎರಡನ್ನೂ ಬೆಂಚಿನ ಮೇಲಿಟ್ಟ. ಎರಡೂ ಭಾರವಾಗಿದ್ದವು.

"ಈ ಗಾಡಿ ಹೊಟ್ಟೆಗೆ ಎಷ್ಟು ಹಿಡಿಯುತ್ತೆ?" ಎಂದ.

"ಒಂದು ಲೀಟರು. ಮೇಲೆ ಸ್ವಲ್ಪ."

"ಇದು ನಾನು ಮೇ ಒಂದಕ್ಕೆ ಬಸಿದದ್ದು. ನೋಡು, ತುಂಬಿದೆ. ನಾನು ಮರೆತಿದ್ರೆ ಇದು ಎಲ್ಲಿಂದ ಬರ್ತಿತ್ತು?"

ಅವಳು ಡಬ್ಬಿ ಅಲ್ಲಾಡಿಸಿ ನೋಡಿದಳು. ಅವಳ ಮುಖದಲ್ಲಿ ಮೊದಲ ಸಲ ಬಣ್ಣ ಮೂಡಿತು. "ಹಂಗಾದ್ರೆ... ನೀನಲ್ಲ? ಅಪ್ಪ, ನೀನಲ್ಲ!"

"ಎರಡು ಲೋಟ ತಾ."

ಮೇ ಒಂದರ ಡಬ್ಬಿಯಿಂದ ಗಾಜಿನ ಲೋಟಕ್ಕೆ ಸುರಿದ. ಹಸಿರು. ಅವನು ಇಪ್ಪತ್ತು ವರ್ಷದಿಂದ ಕೊಳ್ಳುವ ಅದೇ ಹಸಿರು. ಸೈಯಾ ಬಸಿದ ಕ್ಯಾನಿನಿಂದ ಇನ್ನೊಂದು ಲೋಟಕ್ಕೆ ಸುರಿದ.

ಗುಲಾಬಿ.

ಬಿಳಿ ಅಂಚುಕಲ್ಲಿನ ಮೇಲಿದ್ದ ಕಲೆ ಅವನ ಕಣ್ಣಮುಂದೆ ಬಂತು. ಕೆಂಪು ಪಟ್ಟೆಯ ಬಣ್ಣ ಕರಗಿದ್ದಲ್ಲ.

"ಬಣ್ಣ ನೋಡ್ಲಿಲ್ವಾ ನೀನು?"

"ನೋಡೋ ಸ್ಥಿತೀಲಿ ಇರ್ಲಿಲ್ಲಪ್ಪ. ಕಪ್ಪು ಬೋಗುಣಿಗೆ ಬಸಿದೆ, ಹಂಗೇ ಸುರಿದೆ." ಅವಳು ಲೋಟವನ್ನೇ ದಿಟ್ಟಿಸಿದಳು. "ಯಾರೋ ಬೇಕಂತಾನೇ ಹಾಕಿದಾರೆ. ನನ್ನ ಬೀಳಿಸೋಕೆ. ಯಾರು? ಗ್ಯಾರೇಜಿಗೆ ಯಾರು ಬಂದಿದ್ರು?"

ಯಾರು ಬರುತ್ತಾರೆ? ಕೀಲಿ ಇರುವುದು ಮಾಡಿನ ಕೆಳಗಿನ ಹಕ್ಕಿಗೂಡಿನ ಪೆಟ್ಟಿಗೆಯಲ್ಲಿ. ಅದು ಗೊತ್ತಿರುವವರು ಮೂರೇ ಜನ. ಮೂವರಲ್ಲಿ ಗುಲಾಬಿ ಬಣ್ಣದ್ದನ್ನು ಇಟ್ಟುಕೊಂಡಿರುವವನು ಒಬ್ಬನೇ. ತನ್ನ ದೋಣಿಯ ಹಳೇ ಡೀಸೆಲ್ ಎಂಜಿನ್ನಿಗೆ, ಪ್ರತಿ ಶರತ್ಕಾಲ, ಔಲಿಸ್‌ನೇ ಕೊಳವೆ ಹಿಡಿದು ನಿಂತಿರುವಾಗ, ಅದನ್ನು ಸುರಿಯುವವನು.

ಔಲಿಸ್‌ಗೆ ಇನ್ನೊಂದು ನೆನಪಾಯಿತು. ಮೇ ಎರಡನೆಯ ವಾರ ತಾನು ಕೆಲಸದ ತರಬೇತಿಗೆಂದು ಎರಡು ದಿನ ತಂಪೆರೆ ನಗರದಲ್ಲಿದ್ದ. ಆಗಲೇ ಚಳಿ ತಿರುಗಿ ಬಂದು, ಒಂದು ರಾತ್ರಿ ಸೊನ್ನೆಗಿಂತ ಏಳು ಡಿಗ್ರಿ ಕೆಳಗಿಳಿದಿತ್ತು. ಬರೀ ನೀರು ತುಂಬಿದ ಗಾಡಿ, ಬಿಸಿಯಿಲ್ಲದ ಗ್ಯಾರೇಜು. ಓಡಿ ಬಂದು ರೇಡಿಯೇಟರನ್ನು ಇಂಚಿಂಚು ತಡವಿದ್ದ. ಒಂದು ಬಿರುಕೂ ಇರಲಿಲ್ಲ. ಮುಚ್ಚಳ ತೆರೆದು ನೋಡುವ ಯೋಚನೆಯೇ ಬಂದಿರಲಿಲ್ಲ. ಅದೃಷ್ಟ ಎಂದುಕೊಂಡಿದ್ದ.

ಫೋನು ತೆಗೆದ. ಎರಡನೆಯ ರಿಂಗಿಗೇ ಸಿರ್ಕಾ ಎತ್ತಿದಳು.

"ಏನಾದ್ರೂ ಸಿಕ್ತಾ ಔಲಿಸ್? ಹೇಳು, ಸಿಕ್ತಾ?"

"ಸಿರ್ಕಾ, ಆ ಚಳಿ ತಿರುಗಿ ಬಂದ ದಿನ... ನಾನು ತಂಪೆರೆಯಲ್ಲಿದ್ದೆ. ಆರ್ವೊ ಎಲ್ಲಿದ್ದ?"

"ಎಲ್ಲಿರ್ತಾನೆ? ನಿಮ್ಮನೇಲಿ! ಟಿ.ವಿ.ಯಲ್ಲಿ ಚಳಿ ಸುದ್ದಿ ಬಂತು ನೋಡು, ತಟ್ಟೇಲಿ ಮೀನು ಬಿಟ್ಟು ಎದ್ದ. ಔಲಿಸ್ ಗಾಡೀಲಿ ಬರೀ ನೀರಿದೆ, ಒಡೆದುಹೋಗುತ್ತೆ ಅಂತ ಕ್ಯಾನು ಸೈಕಲ್ಲಿಗೆ ಕಟ್ಕೊಂಡು ಹೊರಟ. ನೀರು ಬಸಿದು, ತುಂಬಿಸಿ ಬಂದೆ, ಅಂಚಿನವರೆಗೂ ತುಂಬಿಸಿದೀನಿ, ಇನ್ನು ಭಯ ಇಲ್ಲ ಅಂತ ಬಂದು ಹೇಳಿದ." ಸಿರ್ಕಾಳ ದನಿ ಬದಲಾಯಿತು. "ಯಾಕೆ? ನಿನಗೆ ಹೇಳಲಿಲ್ವಾ ಅವನು?"

ಔಲಿಸ್‌ಗೆ ಶನಿವಾರದ ಬೆಳಿಗ್ಗೆ ನೆನಪಾಯಿತು. ಮೇಜಿನ ಮೇಲೆ ಆರಿಹೋದ ಕಾಫಿ. ನಿನಗೊಂದು. ಆಮೇಲೆ ಆರ್ವೊ, ಸಾಲು ನೋಡು.

"ಅವನಿಗೆ ಫೋನು ಕೊಡು ಸಿರ್ಕಾ."

"ಇಲ್ಲ, ಈಗ ತಾನೇ ಹೊರಟ. ಐದು ದಿನ ಆದ್ಮೇಲೆ ಮೊದಲ ಸಲ ಶೂ ಹಾಕ್ಕೊಂಡ. ನಾಳೆ ಠಾಣೆಗೆ ಹೋಗೋಕೆ ಮುಂಚೆ ಔಲಿಸ್ ಹತ್ರ ಒಂದು ಮಾತು ಬಾಕಿ ಇದೆ ಅಂದ. ನೀನು ಅವನಿಗೆ ಬುದ್ಧಿ ಹೇಳು, ಹಾಂ? ಸಹಿ ಹಾಕಬೇಡ ಅನ್ನು. ಅವನು ಏನೂ ಮಾಡಿಲ್ಲ ಅಂತ ನಿನಗೆ ಗೊತ್ತಲ್ವಾ?"

ಫೋನು ಕೆಳಗಿಟ್ಟ. ಸೈಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಹಳ ಹೊತ್ತು ಇಬ್ಬರೂ ಆ ಎರಡು ಲೋಟಗಳನ್ನು ನೋಡುತ್ತ ನಿಂತರು, ಹಸಿರು, ಗುಲಾಬಿ.

"ಆರ್ವೊ ಮಾಮನಾ?" ಎಂದಳು ಅವಳು, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ. "ನಮ್ಮ ಗಾಡಿ ಉಳಿಸೋಕೆ ಬಂದಿದ್ನಾ?"

ಹೊರಗೆ ಜಲ್ಲಿಯ ಮೇಲೆ ಸೈಕಲ್ಲು ನಿಂತ ಸದ್ದಾಯಿತು. ಸ್ಟ್ಯಾಂಡು ಒದ್ದು ಇಳಿಸಿದ ಸದ್ದು. ನಿಧಾನವಾದ, ಪರಿಚಿತ ಹೆಜ್ಜೆ.

ಸೈಯಾ ಗುಲಾಬಿ ಲೋಟವನ್ನು ಕೈಗೆತ್ತಿಕೊಂಡಳು. "ಅಪ್ಪ, ಚೆಲ್ಲಿಬಿಡ್ಲಾ? ಬೇಗ ಹೇಳು. ಚೆಲ್ಲಿದ್ರೆ ಯಾರಿಗೂ ಗೊತ್ತಾಗಲ್ಲ. ಅವನಿಗೂ."

ಔಲಿಸ್ ಬಾಯಿ ತೆರೆದ. ಬಾಗಿಲ ಬೆಳಕಿಗೆ ಅಡ್ಡಲಾಗಿ ನೆರಳೊಂದು ಬಂದು ನಿಂತಿತು. ಆರ್ವೊನ ಕಣ್ಣು ನೇರವಾಗಿ ಹೋದದ್ದು ಅವಳ ಕೈಯಲ್ಲಿದ್ದ ಲೋಟಕ್ಕೆ. ಅವನ ಒಂದು ಕೈಯಲ್ಲಿ ಮಡಿಸಿದ ಬಾವುಟವಿತ್ತು, ಹಳದಿಯ ಮೇಲೆ ಕೆಂಪು ಗೆರೆಯದು, ಜಾರುತ್ತದೆ ಎಂದು ಎತ್ತಿ ತೋರಿಸುವಂಥದ್ದು. ಇನ್ನೊಂದು ಕೈಯಲ್ಲಿ, ಸೈಕಲ್ಲಿನ ಬುಟ್ಟಿಯಲ್ಲಿ ತಂದ, ಕಾಗದದ ಎರಡು ಲೋಟ ಕಾಫಿ.

"ಈಗ ಸಾಲಿಲ್ಲ ತಾನೇ?" ಎಂದ ಆರ್ವೊ.

ಶನಿವಾರ ಬೆಳಿಗ್ಗೆ ಅವನು ಹೇಳಬಂದದ್ದು ಈ ಗ್ಲೈಕಾಲ್ ವಿಷಯವೇ ಆಗಿತ್ತೆ, ಅಥವಾ ಅದನ್ನು ಅವನೂ ಮರೆತಿದ್ದನೇ. ತಿರುವಿನಲ್ಲಿ ನಿಂತಾಗ ಸೈಯಾಳ ಗಾಡಿಯಿಂದ ಬಿದ್ದ ಹನಿಯ ಬಣ್ಣವನ್ನು ಗುರುತಿಸಿ ಅವನ ಕೈ ಮೇಲೇಳದೆ ಹೋಯಿತೆ, ಅಥವಾ ಅವನು ಏನನ್ನೂ ಕಾಣಲೇ ಇಲ್ಲವೇ. ಇದನ್ನೆಲ್ಲ ನಾನು ವಿಚಾರಿಸಿ ನೋಡಿದ್ದೇನೆ. ನನಗೆ ಗೊತ್ತಾಗಿಲ್ಲ.